ಬಾಡಿಗೆ ಕೊಡದ ಬಾಡಿಗೆದಾರರು

ಮುಂಗಾರಿಗೆ ಮುಂಚಿನ ಮೊದಲ ದೊಡ್ಡ ಮಳೆ ಬಿದ್ದು ನಿಂತ ಸಂಜೆ. ಹೋಗಿದ್ದ ಕರೆಂಟು ಬಂದೊಡನೆ ಹೊರಕೆರೆದೇವಪುರದ ಬೀದಿಯಲ್ಲಿ ಒಂದೊಂದೇ ಜಗಲಿಯ ಟ್ಯೂಬ್‌ಲೈಟು ಹೊತ್ತಿಕೊಳ್ಳುತ್ತದೆ. ಮರುಗಳಿಗೆಗೆ ಅದರ ಸುತ್ತ ಈಸಲು ಹುಳ ಮುತ್ತುತ್ತವೆ. ನೆಲದೊಳಗೆ ಬೇಸಿಗೆ ಕಳೆದ ಗೆದ್ದಲಿಗೆ ರೆಕ್ಕೆ ಬಂದ ದಿನ ಇದು. ಮಕ್ಕಳು ಬೆಳಕಿನ ಕೆಳಗೆ ಬೋಗುಣಿಯಲ್ಲಿ ನೀರಿಟ್ಟು ಕಾಯುತ್ತವೆ. ಕಟ್ಟೆಯ ಮೇಲೆ ಕೂತ ಹಿರಿಯರು, ತಾವು ಚಿಕ್ಕವರಿದ್ದಾಗ ಇದನ್ನೇ ಹುರಿದು ಪುರಿಯ ಜೊತೆ ತಿಂದದ್ದನ್ನು ನೆನೆಸಿಕೊಳ್ಳುತ್ತಾರೆ. ಈಸಲು ಎದ್ದರೆ ಮಳೆ ಚೆನ್ನಾಗಿ ಹಿಡಿಯುತ್ತದೆ ಅನ್ನುವುದು ರೈತನ ಲೆಕ್ಕ. ಬಾಡಿಗೆಗಿರುವ ಮೇಷ್ಟ್ರ ಮನೆಯಲ್ಲಿ ಮಾತ್ರ ದಡಬಡ ಕಿಟಕಿ ಮುಚ್ಚುವ ಸದ್ದು ಕೇಳುತ್ತದೆ.

ಇದೇ ಬೀದಿಯ ಒಂದು ಮನೆಯಲ್ಲಿ ಈಸಲು ಹೊರಗಿನಿಂದ ಒಳಗೆ ಬರುತ್ತಿಲ್ಲ, ಒಳಗಿನಿಂದ ಹೊರಗೆ ಹೋಗುತ್ತಿವೆ. ನಡುಮನೆಯ ಬಾಗಿಲ ಚೌಕಟ್ಟು ಗೋಡೆಗೆ ಸೇರುವ ಸಂದಿನಿಂದ ಸಾಲಾಗಿ ಹೊರಡುತ್ತಿವೆ. ಬಲ್ಲವರಿಗೆ ಇದರ ಅರ್ಥ ಗೊತ್ತು. ರೆಕ್ಕೆಯ ಹುಳ ಹೊರಡಿಸುವಷ್ಟು ಗೂಡು ಬಲಿಯಬೇಕಾದರೆ ವರ್ಷಗಳೇ ಬೇಕು. ಬಾಡಿಗೆದಾರರು ಬಂದು ಇನ್ನೂ ಎರಡು ಹಬ್ಬ ಕಳೆದಿಲ್ಲ. ಹಾಗಾದರೆ ಈ ಗೂಡು ಯಾರದು? ಚೌಕಟ್ಟು ಬದಲಿಸುವ ದುಡ್ಡು ಯಾರದು? ಕರಾರು ಪತ್ರ ತೆಗೆದು ನೋಡಿದರೆ ಉತ್ತರ ಇಲ್ಲ. ಗೆದ್ದಲು ಅನ್ನುವ ಪದವೇ ಅದರಲ್ಲಿ ಇಲ್ಲ.

ಹೊಳಲ್ಕೆರೆ ತಾಲ್ಲೂಕಿನ ಈ ಊರು ಬಸ್ಸಿನವರ ಬಾಯಲ್ಲಿ, ಪತ್ರಿಕೆಯ ಸುದ್ದಿಯಲ್ಲಿ ಎಚ್.ಡಿ.ಪುರ. ಲಕ್ಷ್ಮೀನರಸಿಂಹಸ್ವಾಮಿಯ ಊರು. ಸುತ್ತ ಮೆಕ್ಕೆಜೋಳ, ರಾಗಿ, ನೀರಿದ್ದ ಕಡೆ ಅಡಿಕೆ, ತೆಂಗು. ಇಂಥ ಊರಲ್ಲಿ ಬಾಡಿಗೆ ಮನೆ ಯಾರಿಗೆ ಬೇಕು ಅಂದರೆ, ವರ್ಗವಾಗಿ ಬಂದವರಿಗೆ. ಶಾಲೆಯ ಮೇಷ್ಟ್ರು, ಆಸ್ಪತ್ರೆಯ ನರ್ಸಮ್ಮ, ಬ್ಯಾಂಕಿನವರು, ಕರೆಂಟಿನ ಲೈನ್‌ಮನ್. ಮನೆ ಕೊಡುವವರು ಹೆಚ್ಚಿನ ಪಾಲು ರೈತರು. ಮಗ ಬೆಂಗಳೂರು ಸೇರಿದ ಮೇಲೆ ಖಾಲಿಯಾದ ಹಿಂದಿನ ಎರಡು ಕೋಣೆ, ಇಲ್ಲವೇ ಅಡಿಕೆ ದುಡ್ಡಲ್ಲಿ ಕಟ್ಟಿಸಿದ ಹೊಸ ಮನೆಯ ಮೇಲಂತಸ್ತು ಬಾಡಿಗೆಗೆ ಸಿಗುತ್ತದೆ. ಪಟ್ಟಣದಲ್ಲಿ ಮಾಲೀಕ ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಇಲ್ಲಿ ಮಾಲೀಕನೂ ಬಾಡಿಗೆದಾರನೂ ಒಂದೇ ಗೋಡೆಯ ಆಚೀಚೆ ಮಲಗುತ್ತಾರೆ. ಆ ಗೋಡೆಯ ಒಳಗೇ ಇಲಿ ಓಡಾಡುತ್ತದೆ.

ಈ ಬೀದಿಯಲ್ಲಿ ಮನೆಗಳ ಮೂರು ತಲೆಮಾರು ಪಕ್ಕಪಕ್ಕದಲ್ಲೇ ನಿಂತಿವೆ. ತೊಲೆ, ಜಂತೆಗಳ ಮೇಲೆ ಸೊಪ್ಪುಸದೆ ಹಾಸಿ ಮಣ್ಣು ಮೆತ್ತಿದ ಮಾಳಿಗೆ ಮನೆ ಅಜ್ಜನ ಕಾಲದ್ದು. ಬಿಸಿಲುಸೀಮೆಯ ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ, ಆದರೆ ಮರ ಮತ್ತು ಮಣ್ಣು ಎರಡೂ ಗೆದ್ದಲಿಗೆ ಪ್ರಿಯ. ಬಿರುಕಿನಲ್ಲಿ ಚೇಳು, ಜರಿ. ಅದರ ಪಕ್ಕ ಅಪ್ಪನ ಕಾಲದ ಹೆಂಚಿನ ಮನೆ. ಹೆಂಚು ಗೋಡೆಗೆ ಕೂಡುವ ಜಾಗದಲ್ಲಿ ಇಲಿಗೆ ರಾಜಮಾರ್ಗ, ಇಲಿಯ ಹಿಂದೆಯೇ ಒಮ್ಮೊಮ್ಮೆ ಕೇರೆಹಾವು. ಆಚೆ ಮಗನ ಕಾಲದ ಆರ್‌ಸಿಸಿ. ಅದಕ್ಕೆ ಹುಳದ ಕಾಟವೇ ಇಲ್ಲ ಎಂದು ಕಟ್ಟಿಸಿದವರು ಹೇಳುತ್ತಾರೆ. ಬಚ್ಚಲ ಪೈಪಿನಿಂದ ಜಿರಳೆ ಹತ್ತುತ್ತದೆ, ಮುಚ್ಚಳ ಒಡೆದ ಸಿಂಟೆಕ್ಸ್‌ನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ, ಸಿಮೆಂಟ್ ನೆಲದ ಕೂದಲೆಳೆ ಸೀಳಿನಿಂದ ಇರುವೆ ಸಾಲು ಹೊರಡುತ್ತದೆ. ಹುಳವಿಲ್ಲದ ಮನೆಯನ್ನು ಯಾವ ಮೇಸ್ತ್ರಿಯೂ ಇನ್ನೂ ಕಟ್ಟಿಲ್ಲ. ಯಾವ ಹುಳಕ್ಕೆ ಯಾವ ದಾರಿ ಅನ್ನುವುದು ಮಾತ್ರ ಮನೆಯಿಂದ ಮನೆಗೆ ಬೇರೆ.

ಮೆಕ್ಕೆಜೋಳದ ಕಟಾವು ಮುಗಿದ ಮೇಲೆ ಈ ಊರುಗಳಲ್ಲಿ ಹೊಸ ಜಗಳ ಶುರುವಾಗುತ್ತದೆ. ಹೊಲ ಬೋಳಾಗಿ, ಬದುವಿನ ಇಲಿಗೆ ಮರೆಯೂ ಮೇವೂ ಎರಡೂ ತಪ್ಪುತ್ತವೆ. ಕಾಳು ಎಲ್ಲಿ ಹೋಯಿತೋ ಇಲಿಯೂ ಅಲ್ಲಿಗೆ ಬರುತ್ತದೆ. ಕಾಳು ಹೋಗಿದ್ದು ಊರೊಳಗಿನ ಪಡಸಾಲೆಗೆ. ರೇಟು ಏರಲಿ ಎಂದು ಕಾಯುತ್ತಾ ಚೀಲದ ಮೇಲೆ ಚೀಲ ಗೋಡೆಗೆ ಒತ್ತಿಕೊಂಡು ಕೂತಿರುತ್ತದೆ. ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವ ಟೀಚರಮ್ಮ ಒಂದು ಬೆಳಗ್ಗೆ ಇಲಿ ಹಲ್ಲಿನ ಗುರುತು ಬಿದ್ದ ಪ್ಲಾಸ್ಟಿಕ್ ಡಬ್ಬಿ ಹಿಡಿದು ಮುಂದಿನ ಬಾಗಿಲಿಗೆ ಬರುತ್ತಾರೆ.

“ಅಜ್ಜಿ, ನೋಡಿ ಇದನ್ನ. ರಾತ್ರಿಯೆಲ್ಲ ಅಟ್ಟದ ಮೇಲೆ ಓಡಾಟ. ಮಗೂಗೂ ನಿದ್ದೆ ಇಲ್ಲ, ನಂಗೂ ಇಲ್ಲ.”

“ಇಲಿ ಇಲ್ಲದ ಮನೆ ಯಾವುದೈತವ್ವ? ನೀವು ಬರೋಕ್ ಮುಂಚೆ ಇಷ್ಟಿರಲಿಲ್ಲ ನೋಡು. ಅಡುಗೆ ಮನೇಲಿ ಕೊಬ್ರಿ ಗಿಬ್ರಿ ಮುಚ್ಚಿಡಲ್ವೇನೋ.”

“ಮುಂದ್ಗಡೆ ನಿಮ್ಮ ಜೋಳದ ಚೀಲ ಅದಾವಲ್ಲ ಅಜ್ಜಿ. ಅದು ಬಿಟ್ಟು ನನ್ನ ಒಂದು ಬಟ್ಟಲು ಕೊಬ್ರಿಗೆ ಬರ್ತಾವಾ?”

ಅಜ್ಜಿ ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತಾಳೆ. ಒಳಗಿನಿಂದ ಯಜಮಾನರ ದನಿ: “ಸಂತೇಲಿ ಬೋನು ತರ್ತೀನಿ ಬಿಡವ್ವ.” ಬೋನು ಬರುತ್ತದೆ. ಒಂದು ಇಲಿ ಬೀಳುತ್ತದೆ. ಚೀಲ ಅಲ್ಲೇ ಇರುತ್ತದೆ.

ಬಾಡಿಗೆ ಮನೆಯ ಹುಳದ ವಿಚಾರ ಬಂದಾಗಲೆಲ್ಲ ಪಟ್ಟಣದ ತಿಳಿವಳಿಕೆ ಬಾಡಿಗೆದಾರನ ಕಡೆ ಬೆರಳು ತೋರಿಸುತ್ತದೆ. ಕಸ ತೆಗೆಯಲ್ಲ, ಪಾತ್ರೆ ತೊಳೆಯಲ್ಲ, ಅದಕ್ಕೇ ಬಂತು ಅನ್ನುತ್ತಾರೆ. ಹಳ್ಳಿಯ ಬಾಡಿಗೆ ಮನೆ ಈ ಲೆಕ್ಕವನ್ನು ತಿರುಗಿಸುತ್ತದೆ. ಇಲ್ಲಿ ಚೀಲ ಮಾಲೀಕನದು, ಕೊಟ್ಟಿಗೆ ಮಾಲೀಕನದು, ಹಿತ್ತಲ ತಿಪ್ಪೆ ಮಾಲೀಕನದು. ನೊಣ ಕೂರುವುದು ಬಾಡಿಗೆದಾರನ ತಟ್ಟೆಯ ಮೇಲೆ. ಆದರೂ ಬಾಯಿ ಬಿಡಲು ಅವನಿಗೆ ಸಂಕೋಚ. ಹಬ್ಬಕ್ಕೆ ಹೋಳಿಗೆ ಕಳಿಸುವ ಮನೆ, ಮಗುವಿಗೆ ಜ್ವರ ಬಂದಾಗ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡುವ ಯಜಮಾನರು. ಇಂಥವರ ಮುಂದೆ ಇಲಿಗೆ ಯಾರು ಹೊಣೆ ಎಂದು ಕೇಳುವುದಾದರೂ ಹೇಗೆ?

ಕಾನೂನಿನ ಪುಸ್ತಕದಲ್ಲಿ ಈ ಸಂಕೋಚಕ್ಕೆ ಜಾಗವಿಲ್ಲ, ಆದರೆ ಉತ್ತರ ಅಲ್ಲಿಯೂ ಒಂದೇ ಕಡೆ ಸಿಗುವುದಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಅದು ತನ್ನ ಅನುಸೂಚಿಯಲ್ಲಿ ಹೆಸರಿಸಿದ ಪ್ರದೇಶಗಳಿಗೆ, ಮುಖ್ಯವಾಗಿ ನಗರ ಪಟ್ಟಣಗಳಿಗೆ, ಅನ್ವಯಿಸುವಂಥದು. ಅಲ್ಲಿಯೂ ದೊಡ್ಡ ನಗರಗಳಲ್ಲಿ ತಿಂಗಳಿಗೆ 3500 ರೂಪಾಯಿ, ಉಳಿದ ಕಡೆ 2000 ರೂಪಾಯಿ ಬಾಡಿಗೆಯ ಮಿತಿ ದಾಟಿದ ವಾಸದ ಮನೆಗಳನ್ನು ಅದು ಹೊರಗಿಡುತ್ತದೆ. ಹಳ್ಳಿಯ ಜಗಲಿಗೆ ಬಂದು ನಿಲ್ಲುವ ಕಾನೂನು ಇದಕ್ಕಿಂತ ನೂರು ವರ್ಷಕ್ಕೂ ಹಳೆಯದು. 1882ರ ಸ್ವತ್ತು ವರ್ಗಾವಣೆ ಕಾಯ್ದೆ, ಅದರ 108ನೇ ಕಲಮು.

ಆ ಕಲಮನ್ನು ಬಾಡಿಗೆ ಮನೆಯ ನಡುಮನೆಯಲ್ಲಿ ಕೂತು ಓದಿದರೆ ಒಂದೊಂದು ಉಪಕಲಮೂ ಒಂದೊಂದು ಹುಳದ ಮೇಲೆ ಬಂದು ಕೂರುತ್ತದೆ. ಸ್ವತ್ತಿನಲ್ಲಿ ದೊಡ್ಡ ದೋಷವಿದ್ದು, ಅದು ಕೊಡುವವನಿಗೆ ಗೊತ್ತಿದ್ದು, ಪಡೆಯುವವನಿಗೆ ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂತಿದ್ದರೆ, ಅದನ್ನು ಮೊದಲೇ ತಿಳಿಸುವುದು ಕೊಡುವವನ ಹೊಣೆ. ಹೊಸ ಪೇಂಟಿನ ಹಿಂದೆ ಟೊಳ್ಳಾದ ಚೌಕಟ್ಟಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇನ್ನೊಂದು ಕಡೆ, ವಹಿಸಿಕೊಂಡಾಗ ಮನೆ ಹೇಗಿತ್ತೋ ಹಾಗೇ ಕಾಪಾಡಿ ಹಿಂದಿರುಗಿಸುವುದು ಬಾಡಿಗೆದಾರನ ಹೊಣೆ. ಬಳಕೆಯಿಂದ ಸಹಜವಾಗಿ ಸವೆದದ್ದಕ್ಕೆ ವಿನಾಯಿತಿ ಉಂಟು. ಮುಸುರೆ ಚೆಲ್ಲಿ ಜಿರಳೆ ಸಾಕಿದ್ದು ಸಹಜ ಸವೆತದ ಲೆಕ್ಕಕ್ಕೆ ಬರುವುದಿಲ್ಲ.

ಇಡೀ ಕಲಮು ಶುರುವಾಗುವುದೇ ಒಂದು ಷರತ್ತಿನಿಂದ. ಇದಕ್ಕೆ ವಿರುದ್ಧವಾದ ಕರಾರಾಗಲಿ, ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದರೆ ಮಾತ್ರ ಈ ನಿಯಮಗಳು. ಊರಿನವರು ತಾವೇ ಏನು ಬರೆದುಕೊಂಡಿದ್ದಾರೆ, ಹೇಗೆ ನಡೆದುಕೊಂಡು ಬಂದಿದ್ದಾರೆ ಅನ್ನುವುದಕ್ಕೆ ಕಾನೂನು ಮೊದಲ ಮಣೆ ಹಾಕಿದೆ.

ಹೊಸ ಕಾಲದ ಪ್ರಯತ್ನವೂ ಒಂದಿದೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ರಾಜ್ಯಗಳು ತಮ್ಮ ಶಾಸನವಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ. ಅದರ ಎರಡನೆಯ ಅನುಸೂಚಿ ಮನೆಯನ್ನು ಮೊಳೆ ತಿರುಪು ಸಮೇತ ಇಬ್ಬರಿಗೂ ಹಂಚುತ್ತದೆ. ಕಟ್ಟಡದ ರಿಪೇರಿ, ಸುಣ್ಣಬಣ್ಣ, ನೀರಿನ ಪೈಪು, ವೈರಿಂಗು ಮಾಲೀಕನಿಗೆ. ಚರಂಡಿ ಶುಚಿ, ನಲ್ಲಿಯ ವಾಷರು, ಕಿಟಕಿಯ ಗಾಜು, ಕೈತೋಟ ಬಾಡಿಗೆದಾರನಿಗೆ. ಹರಿದ ಸೊಳ್ಳೆ ಜಾಲರಿ ಬದಲಿಸುವುದೂ ಬಾಡಿಗೆದಾರನದೇ ಎಂದು ಸ್ಪಷ್ಟವಾಗಿ ಬರೆದಿದೆ. ಮಾಲೀಕ ತನ್ನ ಪಾಲಿನ ರಿಪೇರಿ ಮಾಡಿಸದಿದ್ದರೆ ಬಾಡಿಗೆದಾರ ಮಾಡಿಸಿ ಮುರಿದುಕೊಳ್ಳಬಹುದು, ಆದರೆ ಯಾವ ತಿಂಗಳಲ್ಲೂ ಆ ತಿಂಗಳ ಬಾಡಿಗೆಯ ಅರ್ಧಕ್ಕಿಂತ ಹೆಚ್ಚಲ್ಲ. ಇಷ್ಟೆಲ್ಲ ಎಣಿಸಿದ ಆ ಪಟ್ಟಿ ಜಾಲರಿಯವರೆಗೆ ಬಂದು ನಿಲ್ಲುತ್ತದೆ. ಜಾಲರಿ ದಾಟಿ ಒಳಬಂದ ಸೊಳ್ಳೆ, ಇಲಿ, ತಿಗಣೆಗೆ ಅದರಲ್ಲಿ ಸಾಲೇ ಇಲ್ಲ.

ನಮ್ಮ ಸ್ಟಾಂಪ್ ಪೇಪರಿನ ಕರಾರು ಇನ್ನೂ ಚುಟುಕು. ವರ್ಷ ಮೀರಿದ ಗೇಣಿ ಪತ್ರವನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಅದು ಹನ್ನೊಂದು ತಿಂಗಳಿನದು. ಅಡ್ವಾನ್ಸ್ ಎಷ್ಟು, ಬಾಡಿಗೆ ಯಾವ ತಾರೀಕಿಗೆ, ಖಾಲಿ ಮಾಡುವಾಗ ಬಣ್ಣಕ್ಕೆ ಎಷ್ಟು ಮುರಿದುಕೊಳ್ಳುವುದು, ಮೊಳೆ ಹೊಡೆಯಬಾರದು. ಗೋಡೆಗೆ ಮೊಳೆ ಹೊಡೆಯುವ ಬಾಡಿಗೆದಾರನ ಬಗ್ಗೆ ಇರುವ ಆತಂಕದಲ್ಲಿ ಕಾಲುಭಾಗವೂ ಗೋಡೆ ತಿನ್ನುವ ಹುಳದ ಬಗ್ಗೆ ಇಲ್ಲ. ಹಳ್ಳಿಯಲ್ಲಂತೂ ಬಹಳಷ್ಟು ಮನೆ ಬಾಯಿಮಾತಿನ ಮೇಲೆ ನಡೆಯುತ್ತವೆ.

ಹಾಗೆಂದು ಹಿಂದಿನವರು ಹುಳವನ್ನು ಮರೆತಿದ್ದರೆಂದಲ್ಲ. ಅವರ ಕರಾರು ಪಂಚಾಂಗದಲ್ಲಿತ್ತು. ಯುಗಾದಿಗೆ, ದಸರೆಗೆ ಸುಣ್ಣ ಬಳಿಯುವಾಗ ಗೋಡೆಯ ಬಿರುಕೆಲ್ಲ ಮುಚ್ಚಿಕೊಳ್ಳುತ್ತಿತ್ತು. ಹಬ್ಬದ ಹಿಂದಿನ ವಾರ ಮನೆಯ ಸಾಮಾನೆಲ್ಲ ಬೀದಿಗೆ ಬಂದು, ಮಂಚ ಬಿಸಿಲಿಗೆ ಬಿದ್ದು, ಅದರ ಸಂದಿಗಳಿಗೆ ಕುದಿಯುವ ನೀರು ಹೊಯ್ಯುತ್ತಿದ್ದರು. ಐವತ್ತು ಡಿಗ್ರಿಯ ಶಾಖಕ್ಕೆ ತಿಗಣೆಯೂ ಅದರ ಮೊಟ್ಟೆಯೂ ಉಳಿಯುವುದಿಲ್ಲವೆಂದು ಇಂದು ವಿಜ್ಞಾನ ಹೇಳುವುದನ್ನು ಆ ನೀರು ಮಾಡಿ ಮುಗಿಸುತ್ತಿತ್ತು. ಸಂಜೆ ಬೇವಿನ ಸೊಪ್ಪಿನ ಹೊಗೆ. ಕಾಳಿಗೆ ಹಗೇವು. ನೆಲದಲ್ಲಿ ಗುಂಡಿ ತೋಡಿ, ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಗಾಳಿಯಾಡದೆ ಒಳಗಿನ ಹುಳ ತಾನಾಗಿ ಸಾಯುತ್ತಿತ್ತು. ಅದೇ ಕಾರಣಕ್ಕೆ ಹಗೇವು ತೆಗೆಯುವುದು ಅಪಾಯದ ಕೆಲಸ. ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ತೆರೆ, ಕಾಯಿ, ಆಮೇಲೆ ಒಳಗೆ ಹೋಗು. ಈ ಮೂರು ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಮನೆಯ ಹುಳ ಸರ್ಕಾರದ ವಿಚಾರವಾದದ್ದು ಪ್ಲೇಗಿನಿಂದ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ, ರೋಗವನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಇಲಿಯ ಮೈಮೇಲಿನ ಚಿಗಟವೆಂದು ತೋರಿಸಿದ. ಮೈಸೂರು ಸಂಸ್ಥಾನದ ಊರೂರುಗಳಲ್ಲಿ ಇಲಿ ಸತ್ತು ಬಿದ್ದೊಡನೆ ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳತೊಡಗಿದರು. ಬೆಂಗಳೂರಿನಲ್ಲಿ ಗಾಳಿ ಬೆಳಕಿನ ಹೊಸ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರಗಳಿಗೆ ಜನ ಸರಿದರು. ಮನೆ ನಿನ್ನದಾದರೂ ಅದರೊಳಗಿನ ಇಲಿ ಊರಿನದು ಎಂಬ ತಿಳಿವಳಿಕೆ ಆಗ ಬಂತು. ಬ್ರಿಟಿಷ್ ಭಾರತದಲ್ಲಿ ಅದಕ್ಕೆ ಆಧಾರವಾದದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಸ್ವಾತಂತ್ರ್ಯದ ನಂತರ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಡಿಡಿಟಿ ಪಂಪು ಹೊತ್ತವರು ಮನೆ ಮನೆ ಹೊಕ್ಕರು. ಸಿಂಪಡಿಸಿದ ಗುರುತನ್ನು ಬಾಗಿಲ ಪಕ್ಕ ಗೋಡೆಯ ಮೇಲೆ ಬರೆದು ಹೋಗುತ್ತಿದ್ದರು. ಮಾಲೀಕ ಯಾರು, ಬಾಡಿಗೆಗೆ ಇರುವವರು ಯಾರು ಎಂದು ಪಂಪು ಕೇಳಲಿಲ್ಲ. ಖರ್ಚು ಸರ್ಕಾರದ್ದು.

ಈಗ ಬಾಗಿಲು ತಟ್ಟುವವರು ಆಶಾ ಕಾರ್ಯಕರ್ತೆಯರು. ಕೈಯಲ್ಲಿ ಟಾರ್ಚು, ಬಗಲಲ್ಲಿ ಪುಸ್ತಕ. ಡ್ರಮ್ಮಿನ ಮುಚ್ಚಳ ತೆಗೆದು ಟಾರ್ಚು ಬಿಡುತ್ತಾರೆ. ನಲ್ಲಿ ನೀರು ದಿನಾ ಬರದ ಊರಲ್ಲಿ ಡ್ರಮ್ಮು, ತೊಟ್ಟಿ, ಕೊಡ ಎಲ್ಲವೂ ತುಂಬಿಯೇ ಇರುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾಗಿರುವುದೂ ಇಂಥ ನಿಂತ ತಿಳಿನೀರೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರೂ ತೊಟ್ಟಿಯ ಗೋಡೆಗಂಟಿದ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕಿರುತ್ತದೆ. ಚೆಲ್ಲಿದರೆ ಸಾಲದು, ತಿಕ್ಕಬೇಕು.

“ಅಕ್ಕಾ, ನೋಡಿ ಕುಣೀತಾ ಅದಾವೆ ಹುಳ. ಇದನ್ನ ಚೆಲ್ಲಿ.”

“ಇದು ನಮ್ಮದು. ಮೇಲಿನ ಸಿಂಟೆಕ್ಸ್ ಓನರ್ದು. ಏಣಿ ಅವರ ಮನೇಲಿ ಐತೆ.”

2024ರಲ್ಲಿ ರಾಜ್ಯದಲ್ಲಿ ಡೆಂಗಿ ಜೋರಾದಾಗ ಸರ್ಕಾರ ಸಾಂಕ್ರಾಮಿಕ ರೋಗಗಳ ನಿಯಮಗಳನ್ನು ತಿದ್ದಿ ಈ ಸಂವಾದಕ್ಕೆ ದಂಡ ಕಟ್ಟಿತು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಅಂಗಡಿ, ಕಚೇರಿ, ಶಾಲೆಯಂಥವಕ್ಕೆ 1000 ಮತ್ತು 500. ಖಾಲಿ ನಿವೇಶನ, ಕಟ್ಟುತ್ತಿರುವ ಕಟ್ಟಡಗಳಿಗೆ 2000 ಮತ್ತು 1000. ಮಾಲೀಕ, ವಾಸವಿರುವವರು, ಕಟ್ಟಡದ ಉಸ್ತುವಾರಿಯವರು ಎಲ್ಲರೂ ಹೊಣೆಗಾರರೇ. ಸೊಳ್ಳೆಯ ಮಟ್ಟಿಗೆ ಇದು ಸರಿಯಾದ ನೋಟ. ಹಾರುವ ಹುಳಕ್ಕೆ ಕರಾರಿನ ಗೋಡೆಯಿಲ್ಲ. ಆದರೆ 200 ರೂಪಾಯಿ ಯಾರ ಜೇಬಿನದು ಎಂಬುದು ಡ್ರಮ್ಮಿಗೂ ಸಿಂಟೆಕ್ಸಿಗೂ ನಡುವೆ ಇಲ್ಲದ ಆ ಏಣಿಯ ಮೇಲೆ ನಿಂತಿದೆ. ಬೀದಿ ಚರಂಡಿ ಕಟ್ಟಿಕೊಂಡಿದ್ದರೆ ಮೂರನೆಯವರಾಗಿ ಗ್ರಾಮ ಪಂಚಾಯಿತಿಯೂ ಈ ಲೆಕ್ಕಕ್ಕೆ ಬರುತ್ತದೆ.

ಗೆದ್ದಲಿನ ಕಡೆಗೆ ಮರಳೋಣ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಎಂಬ ಗಾದೆಯನ್ನು ಬಾಡಿಗೆಯ ಕಣ್ಣಿನಿಂದ ನೋಡಿದರೆ, ನಾಡಿನ ಮೊದಲ ಮಾಲೀಕ ಗೆದ್ದಲೇ ಇರಬೇಕು. ಅಡ್ವಾನ್ಸೂ ಇಲ್ಲ, ಬಾಡಿಗೆಯೂ ಇಲ್ಲ, ಪೂಜೆಯೆಲ್ಲ ಬಾಡಿಗೆದಾರನಿಗೆ. ಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಮನೆಯವರೇ ತಮ್ಮ ಚೌಕಟ್ಟಿನ ಮೇಲೆ ಮಣ್ಣಿನ ಜಾಡು ಕಂಡರೆ ಸೀಮೆಎಣ್ಣೆ ಹುಡುಕುತ್ತಾರೆ. ಜಾಡು ಕೆರೆದರೆ, ಎಣ್ಣೆ ಬಳಿದರೆ ಗೆದ್ದಲು ದಾರಿ ಬದಲಿಸುತ್ತದೆ, ಮನೆ ಬದಲಿಸುವುದಿಲ್ಲ. ಅದರ ಬೇರು ತಳಪಾಯದ ಕೆಳಗಿನ ಮಣ್ಣಿನಲ್ಲಿದೆ. ಕಟ್ಟುವಾಗಲೇ ತಳಪಾಯದ ಮಣ್ಣಿಗೆ ಔಷಧ ಹಾಕುವ ವಿಧಾನವನ್ನು ಭಾರತೀಯ ಮಾನಕ ಐ.ಎಸ್. 6313 ವಿವರಿಸುತ್ತದೆ. ಕಟ್ಟಿದ ಮೇಲಾದರೆ ಗೋಡೆಗುಂಟ ನೆಲಕ್ಕೆ ಅಡಿಗೊಂದು ರಂಧ್ರ ಕೊರೆದು ಔಷಧ ಇಳಿಸಬೇಕು. ಬಾಡಿಗೆದಾರ ತನ್ನದಲ್ಲದ ನೆಲಕ್ಕೆ ಡ್ರಿಲ್ಲು ಇಡಲಾರ. ಹಾಗಾಗಿ ಗೆದ್ದಲು ಎಲ್ಲ ಲೆಕ್ಕದಲ್ಲೂ ಮಾಲೀಕನದೇ. ಆದರೆ ಮೊದಲ ಜಾಡು ಕಾಣುವುದು ಅಲ್ಲಿ ಮಲಗಿ ಏಳುವವನಿಗೆ. ಕಂಡ ದಿನವೇ ಹೇಳುವುದು ಅವನ ಕೆಲಸ. ಆರು ತಿಂಗಳು ಬೀರುವಿನ ಹಿಂದೆ ಬಚ್ಚಿಟ್ಟುಕೊಂಡ ಗೆದ್ದಲಿಗೆ ಅವನೂ ಪಾಲುದಾರ.

ತಿಗಣೆಯದು ಬೇರೆಯೇ ಕಥೆ. ಟಿಕ್-20 ಔಷಧದ ಕಾಲದೊಂದಿಗೆ ಮುಗಿಯಿತೆಂದು ನಂಬಿದ್ದ ಈ ಹುಳ ಮತ್ತೆ ಊರಿಗೆ ಬಂದಿರುವುದು ಬ್ಯಾಗಿನಲ್ಲಿ. ಬೆಂಗಳೂರಿನ ಪಿ.ಜಿ. ಕೋಣೆಯಲ್ಲಿ ಮಂಚಕ್ಕೆ ಮಂಚ ಒತ್ತಿರುತ್ತದೆ, ಹಾಸಿಗೆ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಹಬ್ಬಕ್ಕೆ ಬಂದ ಮಗನ ಬ್ಯಾಗಿನ ಹೊಲಿಗೆಯಲ್ಲಿ ಕೂತು ಎಚ್.ಡಿ.ಪುರದ ಬಸ್ ಹತ್ತಲು ತಿಗಣೆಗೆ ಟಿಕೆಟ್ ಬೇಕಿಲ್ಲ. ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಬದುಕುವುದರಿಂದ ಖಾಲಿಯಿದ್ದ ಮನೆಯಲ್ಲೂ ಅದು ಹೊಸ ಬಾಡಿಗೆದಾರನಿಗಾಗಿ ಕಾದಿರಬಲ್ಲದು. ಹೊಸಬರು ತಂದರೋ, ಹಳಬರು ಬಿಟ್ಟುಹೋದರೋ ಎಂದು ಸಾಬೀತು ಮಾಡುವುದು ಯಾರಿಂದಲೂ ಆಗದ ಕೆಲಸ. ನ್ಯೂಯಾರ್ಕ್ ನಗರ ಈ ತಗಾದೆಗೆ 2010ರಲ್ಲಿ ಒಂದು ದಾರಿ ಕಂಡುಕೊಂಡಿತು. ಹಿಂದಿನ ಒಂದು ವರ್ಷದಲ್ಲಿ ಆ ಮನೆಯಲ್ಲಿ, ಆ ಕಟ್ಟಡದಲ್ಲಿ ತಿಗಣೆ ಇತ್ತೇ ಎಂಬುದನ್ನು ಮಾಲೀಕ ಹೊಸ ಬಾಡಿಗೆದಾರನಿಗೆ ಬರೆದುಕೊಡಬೇಕು. ನಮ್ಮ 1882ರ ಕಲಮು ಹೇಳಿದ ಮಾತಿಗೆ ಅವರು ಫಾರಂ ಮಾಡಿಕೊಂಡರು, ಅಷ್ಟೆ.

ಹುಳ ಯಾರದೆಂದು ತೀರ್ಮಾನವಾಗದಿದ್ದರೆ ನಿದ್ದೆ ಕೆಡುತ್ತದೆ, ಸ್ನೇಹ ಕೆಡುತ್ತದೆ. ಔಷಧ ಹೊಡೆದದ್ದನ್ನು ಹೇಳದಿದ್ದರೆ ಜೀವ ಹೋಗುತ್ತದೆ. 2022ರ ಆಗಸ್ಟ್‌ನಲ್ಲಿ ಬೆಂಗಳೂರಿನ ಒಂದು ಬಾಡಿಗೆ ಮನೆಯಲ್ಲಿ, ಕುಟುಂಬ ಊರಿಗೆ ಹೋಗಿದ್ದಾಗ ತಿಗಣೆಗೆಂದು ಔಷಧ ಹೊಡೆಸಲಾಗಿತ್ತು. ಮರಳಿ ಬಂದು ಮಲಗಿದವರಲ್ಲಿ ಎಂಟು ವರ್ಷದ ಮಗು ಉಳಿಯಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಅದೇ ನಗರದ ಪಿ.ಜಿ.ಯೊಂದರಲ್ಲಿ, ರಜೆ ಮುಗಿಸಿ ಬಂದ ವಿದ್ಯಾರ್ಥಿ ಕೋಣೆಗೆ ಔಷಧ ಹೊಡೆದದ್ದು ತಿಳಿಯದೆ ಬಾಗಿಲು ತೆಗೆದು ಒಳಹೋಗಿ ಸತ್ತ. ಎರಡರ ನಡುವೆ, 2024ರ ನವೆಂಬರ್‌ನಲ್ಲಿ ಚೆನ್ನೈ ಪಕ್ಕದ ಕುಂದ್ರತ್ತೂರಿನಲ್ಲಿ ಇಲಿಗೆಂದು ಮನೆಯಲ್ಲಿಟ್ಟ ವಿಷಕ್ಕೆ ಪುಟ್ಟ ಮಕ್ಕಳಿಬ್ಬರು ಬಲಿಯಾದರು. ಹಗೇವಿನ ಮೂರು ಮಾತು ಈ ಮನೆಗಳಲ್ಲಿ ಕೇಳಿಬರಲಿಲ್ಲ.

ನಮ್ಮ ಕಡೆಯ ಮನೆಗಳಿಗೆ ಇದು ದೂರದ ಸುದ್ದಿಯಲ್ಲ. ಕಾಳಿನ ಚೀಲದ ನಡುವೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಹಳ್ಳಿಯವರಿಗೆ ಹೊಸದಲ್ಲ. ಗಾಳಿಯ ತೇವ ತಾಗಿದರೆ ಸಾಕು, ಅದು ಫಾಸ್ಫೀನ್ ಅನಿಲ ಬಿಡುತ್ತದೆ. ಆ ವಿಷಕ್ಕೆ ಪ್ರತಿಮದ್ದಿಲ್ಲ. ಬಳಕೆ ಪರಿಣತರ ಕೈಯಲ್ಲಷ್ಟೇ ಇರಬೇಕೆಂದು ಸರ್ಕಾರದ ನಿರ್ಬಂಧವಿದೆ. ದುಡ್ಡು ಪಡೆದು ಮನೆಗೆ ಔಷಧ ಹೊಡೆಯುವವರಿಗೂ 1968ರ ಕೀಟನಾಶಕ ಕಾಯ್ದೆಯಡಿ ಪರವಾನಗಿ ಬೇಕು. ಮುಂದಿನ ಪಡಸಾಲೆಯ ಜೋಳಕ್ಕೆ ಯಜಮಾನರು ಮಾತ್ರೆ ಇಟ್ಟರೆ, ಹಿಂದಿನ ಕೋಣೆಗೂ ಅದಕ್ಕೂ ನಡುವೆ ಇರುವುದು ಒಂದು ಮರದ ಬಾಗಿಲು ಮಾತ್ರ. ವಾಸದ ಮನೆಯೊಳಗೆ ಆ ಮಾತ್ರೆ ಬರಲೇಕೂಡದು. ಇದರಲ್ಲಿ ಮಾಲೀಕನ ಪಾಲು, ಬಾಡಿಗೆದಾರನ ಪಾಲು ಎಂಬ ಚೌಕಾಸಿಗೆ ಜಾಗವೇ ಇಲ್ಲ.

ಜೋಳದ ಚೀಲದ ಮನೆಗೆ ಮತ್ತೆ ಹೋದರೆ, ಅಲ್ಲಿನ ತಗಾದೆ ಹೇಗೆ ಬಗೆಹರಿದೀತು ಎಂದು ಊಹಿಸುವುದು ಕಷ್ಟವಲ್ಲ. ಯಜಮಾನರು ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಮೊಳ ದೂರ ಇಡಿಸಬೇಕು. ಆಗ ಇಲಿಗೆ ಮರೆ ತಪ್ಪುತ್ತದೆ, ಹಿಂದೆ ಕೈಯಾಡಿಸಿ ನೋಡುವುದಕ್ಕೂ ಬರುತ್ತದೆ. ಹೆಂಚಿನ ಸಂದಿಗೆ, ಬಚ್ಚಲ ಕಿಂಡಿಗೆ ಕಬ್ಬಿಣದ ಜಾಲರಿ, ಬಾಗಿಲ ಬುಡಕ್ಕೆ ತಗಡು. ಚುಂಡಿಲಿ ಕಿರುಬೆರಳು ತೂರದ ಕಿಂಡಿಯಲ್ಲೂ ನುಸುಳುವುದರಿಂದ ಕಣ್ಣಳತೆ ಸಾಲದು. ಇದು ಕಟ್ಟಡದ ಕೆಲಸ, ಖರ್ಚು ಮಾಲೀಕನದು. ಟೀಚರಮ್ಮ ಕಾಳುಕಡ್ಡಿಯನ್ನು ಸ್ಟೀಲ್ ಡಬ್ಬಿಗೆ ಹಾಕಬೇಕು, ರಾತ್ರಿ ಮುಸುರೆ ಪಾತ್ರೆ ಬಿಡಬಾರದು, ಡ್ರಮ್ಮು ವಾರಕ್ಕೊಮ್ಮೆ ತಿಕ್ಕಬೇಕು, ಜಿರಳೆಗೆ ಲಕ್ಷ್ಮಣರೇಖೆಯೋ ಜೆಲ್ಲೋ ತಾವೇ ತರಬೇಕು. ಮನೆ ವಹಿಸಿಕೊಳ್ಳುವ ದಿನ ಇಬ್ಬರೂ ಚೌಕಟ್ಟು ತಟ್ಟಿ, ಅಟ್ಟ ಹತ್ತಿ, ಮಂಚದ ಸಂದಿ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಮುಂದಿನ ವಾದ ಅರ್ಧ ಕಡಿಮೆಯಾಗುತ್ತದೆ. ತಿಗಣೆಯಂಥ ಮೂಲ ತಿಳಿಯದ ಹುಳಕ್ಕೆ, ಮನೆಗೆ ಬಂದ ಮೊದಲ ತಿಂಗಳಲ್ಲಿ ಕಂಡರೆ ಮಾಲೀಕನದು, ಆಮೇಲಾದರೆ ಬಾಡಿಗೆದಾರನದು ಎಂದು ಗೆರೆ ಎಳೆದುಕೊಳ್ಳಬಹುದು. ಗೆರೆ ಎಲ್ಲಿ ಎಂಬುದಕ್ಕಿಂತ ಗೆರೆ ಒಂದಿದೆ ಎಂಬುದೇ ದೊಡ್ಡದು.

ಇಷ್ಟನ್ನು ಸ್ಟಾಂಪ್ ಪೇಪರಿಗೆ ಇಳಿಸಿದರೆ ನಾಲ್ಕು ಸಾಲು ಮೀರುವುದಿಲ್ಲ. ಕಿಂಡಿ, ಗೆದ್ದಲು, ಪೈಪು, ಮೇಲಿನ ತೊಟ್ಟಿ ಮಾಲೀಕರ ಹೊಣೆ. ಒಳಗಿನ ಶುಚಿ, ಶೇಖರಿಸಿದ ನೀರು, ಹರಿದ ಜಾಲರಿ ಬಾಡಿಗೆದಾರರ ಹೊಣೆ. ಹುಳ ಕಂಡರೆ ವಾರದೊಳಗೆ ತಿಳಿಸತಕ್ಕದ್ದು. ಯಾವ ಔಷಧವನ್ನೇ ಆಗಲಿ ಇನ್ನೊಬ್ಬರಿಗೆ ಮುಂಚೆ ಹೇಳದೆ ಹೊಡೆಸತಕ್ಕದ್ದಲ್ಲ, ಹೊಡೆದ ಮೇಲೆ ಹೊಡೆದವರು ಹೇಳಿದಷ್ಟು ಹೊತ್ತು ಕಿಟಕಿ ಬಾಗಿಲು ತೆರೆದಿಡದೆ ಒಳಗೆ ಮಲಗತಕ್ಕದ್ದಲ್ಲ.

ಅಜ್ಜಿಗೆ ಇದನ್ನು ಓದಿ ಹೇಳಿದರೆ, ಹೋಳಿಗೆ ಕೊಟ್ಟು ತಿನ್ನೋ ಮನೆಯವರ ನಡುವೆ ಇಲಿಗೂ ಪತ್ರವೇ ಎಂದು ನಗಬಹುದು. ನಗಲಿ. ಸ್ಥಳೀಯ ರೂಢಿಗೆ ತಲೆಬಾಗುತ್ತೇನೆಂದು ಕಾನೂನು 1882ರಿಂದಲೇ ಹೇಳುತ್ತಿದೆ. ಹುಳದ ವಿಚಾರದಲ್ಲಿ ನಮ್ಮೂರುಗಳು ಇನ್ನೂ ಆ ರೂಢಿಯನ್ನು ಮಾಡಿಕೊಂಡಿಲ್ಲ. ಒಂದು ಮನೆಯವರು ಬರೆದುಕೊಂಡು ಅದರಂತೆ ನಡೆದರೆ, ಮರುವರ್ಷ ಪಕ್ಕದ ಮನೆಯವರು ಅದನ್ನೇ ಜೆರಾಕ್ಸ್ ಮಾಡಿಸುತ್ತಾರೆ. ಬೀದಿಯ ಕೊನೆಯ ಮನೆಗೆ ತಲುಪುವ ಹೊತ್ತಿಗೆ ಅದಕ್ಕೆ ಊರಿನ ರೂಢಿ ಎಂದು ಹೆಸರು ಬಿದ್ದಿರುತ್ತದೆ.